ರೇಷ್ಮೆಯ ಶತ್ರು, ತುಳಸಿಯ ಮಿತ್ರ

ಸರ್ವಜ್ಞನ ಊರೆಂದು ಪ್ರತೀತಿಯಿರುವ ಅಬಲೂರು ಹಾವೇರಿ ಜಿಲ್ಲೆಯ ಹಿರೇಕೆರೂರು ತಾಲ್ಲೂಕಿನಲ್ಲಿದೆ. ಹತ್ತಿ ಬೆಳೆಯುವ ಈ ಸೀಮೆಯಲ್ಲಿ 'ಬಿ.ಟಿ. ಎಂದರೇನು?' ಎಂದು ಕೇಳಿದರೆ 'ಹತ್ತಿ ಬೀಜ' ಎಂಬ ಉತ್ತರ ಬರುವುದು ಸಹಜ. ಕರ್ನಾಟಕವೂ ಸೇರಿದಂತೆ ಹಲವು ರಾಜ್ಯಗಳಲ್ಲಿ ಬಿ.ಟಿ. ಹತ್ತಿಯ ಬೇಸಾಯಕ್ಕೆ 2002ರಲ್ಲಿ ಅನುಮತಿ ದೊರೆಯಿತು. ಆದರೆ ಬಿ.ಟಿ. ಎಂಬುದು ಮೂಲತಃ ಬೀಜದ ಹೆಸರಲ್ಲ. ಅದು ಮಣ್ಣಿನಲ್ಲಿ ವಾಸಿಸುವ 'ಬ್ಯಾಸಿಲಸ್ ತುರಿಂಜಿಯೆನ್ಸಿಸ್' ಎಂಬ ಬ್ಯಾಕ್ಟೀರಿಯ. ತುಳಸಿ, ಪುದೀನದಂಥ ಸುಗಂಧ ಸಸ್ಯಗಳ ಎಲೆ ತಿನ್ನುವ ಮರಿಹುಳುಗಳ ಮೇಲೆ ಅದನ್ನೇ ನೀರಿನಲ್ಲಿ ಬೆರೆಸಿ ಪ್ರಯೋಗಿಸಬಹುದು. ಹಸಿಯಾಗಿಯೇ ಬಾಯಿಗೆ ಹಾಕಿಕೊಳ್ಳುವ ಸೊಪ್ಪಿಗೆ ವಿಷ ಸಿಂಪಡಿಸಲು ಯಾರಿಗೆ ತಾನೆ ಮನಸ್ಸು ಬಂದೀತು?

ಸ್ವಾರಸ್ಯವೆಂದರೆ, ಈ ಮಿತ್ರನ ಪರಿಚಯ ವಿಜ್ಞಾನಕ್ಕೆ ಮೊದಲು ಆದದ್ದು ಶತ್ರುವಾಗಿ. ಜಪಾನಿನಲ್ಲಿ ರೇಷ್ಮೆಹುಳುಗಳು ಇದ್ದಕ್ಕಿದ್ದಂತೆ ಕುಸಿದು ಸಾಯುವ 'ಸೊತ್ತೊ' ಎಂಬ ರೋಗವಿತ್ತು. ಅದರ ಕಾರಣವನ್ನು ಹುಡುಕುತ್ತಿದ್ದ ಶಿಗೆತಾನೆ ಇಶಿವಾತ 1901ರಲ್ಲಿ ಈ ಬ್ಯಾಕ್ಟೀರಿಯವನ್ನು ಬೇರ್ಪಡಿಸಿದರು. 1911ರಲ್ಲಿ ಜರ್ಮನಿಯ ಅರ್ನ್‌ಸ್ಟ್ ಬರ್ಲಿನರ್ ಅದನ್ನೇ ಹಿಟ್ಟಿನ ಪತಂಗದ ಮರಿಹುಳುಗಳಲ್ಲಿ ಕಂಡರು. ಆ ಹುಳುಗಳು ಬಂದದ್ದು ತುರಿಂಜಿಯ ಪ್ರಾಂತದ ಗಿರಣಿಯಿಂದ. ಹೆಸರು ಬಂದದ್ದೂ ಅಲ್ಲಿಂದಲೇ. ರೇಷ್ಮೆಹುಳುವನ್ನು ಕೊಲ್ಲುವಂಥದ್ದು ಬೆಳೆ ತಿನ್ನುವ ಹುಳುವನ್ನೂ ಕೊಲ್ಲಬೇಕಲ್ಲವೆ? 1938ರ ಹೊತ್ತಿಗೆ ಫ್ರಾನ್ಸಿನಲ್ಲಿ ಇದು 'ಸ್ಪೋರೀನ್' ಎಂಬ ಹೆಸರಿನ ಕೀಟನಾಶಕವಾಗಿ ಮಾರುಕಟ್ಟೆಗೆ ಬಂದಿತು.

ಇದು ಕೊಲ್ಲುವ ಬಗೆ ತಿಳಿದದ್ದು ಮುಂದೆ. ಬೀಜಕದ ಜೊತೆಗೆ ರೂಪುಗೊಳ್ಳುವ ಪ್ರೋಟೀನ್ ಹರಳೇ ಹುಳುವಿಗೆ ವಿಷವೆಂದು 1950ರ ದಶಕದಲ್ಲಿ ಹ್ಯಾನೆ ಮತ್ತು ಆಂಗಸ್ ಅವರ ಸಂಶೋಧನೆಗಳು ತೋರಿಸಿದವು. ಮರಿಹುಳುವಿನ ಕರುಳು ಪ್ರತ್ಯಾಮ್ಲೀಯ. ಅಲ್ಲಿ ಹರಳು ಕರಗುತ್ತದೆ. ಕಿಣ್ವಗಳು ಅದನ್ನು ಕತ್ತರಿಸುತ್ತವೆ. ಹೊರಬಂದ ತುಣುಕು ಕರುಳಿನ ಕೋಶಗಳಿಗೆ ಅಂಟಿ ರಂಧ್ರ ಕೊರೆಯುತ್ತದೆ. ಹುಳು ಮೇಯುವುದನ್ನು ನಿಲ್ಲಿಸಿ ಕೆಲವು ದಿನಗಳಲ್ಲಿ ಸಾಯುತ್ತದೆ. ನಮ್ಮ ಜಠರವಾದರೋ ಆಮ್ಲೀಯ. ಆ ತುಣುಕು ಅಂಟಿಕೊಳ್ಳುವ ಗ್ರಾಹಿಗಳೂ ನಮ್ಮ ಕರುಳಿನಲ್ಲಿಲ್ಲ. ಇಂಥ ಒಂದು ಪ್ರೋಟೀನಿನ ರಚನೆಯನ್ನು 1991ರಲ್ಲಿ ಕೇಂಬ್ರಿಜ್‌ನ ವಿಜ್ಞಾನಿಗಳು ಬಿಡಿಸಿದ್ದು ಎಕ್ಸ್-ಕಿರಣ ವಿವರ್ತನೆಯಿಂದ. ಭೌತವಿಜ್ಞಾನದ ಅಧ್ಯಾಪಕನಾದ ನನಗೆ ಇದೊಂದು ಹೆಮ್ಮೆ.

ಮಿತ್ರನ ಮಿತಿಗಳನ್ನೂ ನೀವು ತಿಳಿದಿರಬೇಕು. ಬಿಸಿಲಿನ ಅತಿನೇರಳೆ ಕಿರಣಗಳು ಇದನ್ನು ಬೇಗ ನಿಷ್ಕ್ರಿಯಗೊಳಿಸುತ್ತವೆ. ಆದ್ದರಿಂದ ಸಂಜೆಯ ಸಿಂಪಡಣೆ ಲೇಸು. ಎಲೆಯ ಜೊತೆಗೆ ಹೊಟ್ಟೆ ಸೇರಿದರೆ ಮಾತ್ರ ಕೆಲಸ ಮಾಡುವುದರಿಂದ ರಸ ಹೀರುವ ಕೀಟಗಳಿಗೆ ಇದು ನಾಟದು. ಪದೇ ಪದೇ ಬಳಸಿದರೆ ಹುಳುಗಳು ನಿರೋಧ ಬೆಳೆಸಿಕೊಳ್ಳುತ್ತವೆ. ಹವಾಯಿ ದ್ವೀಪಗಳ ಹೊಲಗಳಲ್ಲಿ ವಜ್ರಬೆನ್ನಿನ ಪತಂಗ ಹೀಗೆ ನಿರೋಧ ಗಳಿಸಿದ್ದು 1990ರಲ್ಲಿ ವರದಿಯಾಯಿತು.

ಎಲ್ಲಕ್ಕಿಂತ ಮುಖ್ಯವಾಗಿ, ಕರ್ನಾಟಕ ರೇಷ್ಮೆಯ ನಾಡು. ನಿಮ್ಮ ತುಳಸಿಗೆ ಸಿಂಪಡಿಸುವ ಮುನ್ನ ಪಕ್ಕದ ಹೊಲದಲ್ಲಿ ಹಿಪ್ಪುನೇರಳೆ ಇದೆಯೇ, ಗಾಳಿ ಯಾವ ಕಡೆಗೆ ಬೀಸುತ್ತಿದೆ ಎಂದು ನೋಡಿ. ನಿಮ್ಮ ಎಲೆ ತಿನ್ನುವ ಹುಳು ಯಾವುದು, ನೆರೆಯವರ ಅನ್ನದ ಹುಳು ಯಾವುದು ಎಂಬ ಭೇದ ಬ್ಯಾಕ್ಟೀರಿಯಕ್ಕೆ ತಿಳಿಯದು. ಅದನ್ನು ಅರಿಯಬೇಕಾದವರು ನಾವೇ.