ಔದ್ಯೋಗಿಕ ಶಬ್ದಜನ್ಯ ಶ್ರವಣ ನಷ್ಟ

ಔದ್ಯೋಗಿಕ ಶಬ್ದಜನ್ಯ ಶ್ರವಣ ನಷ್ಟವು ಕೆಲಸದ ಸ್ಥಳದ ತೀವ್ರ ಶಬ್ದಕ್ಕೆ ದೀರ್ಘಕಾಲ ಒಳಗಾಗುವುದರಿಂದ ಉಂಟಾಗುವ ಶಾಶ್ವತ ಕಿವುಡುತನ. ನೇಯ್ಗೆ ಗಿರಣಿ, ಫೋರ್ಜಿಂಗ್ ಮತ್ತು ಪ್ರೆಸ್ ಘಟಕ, ಬಾಯ್ಲರ್ ತಯಾರಿಕೆ, ಹಡಗು ನಿರ್ಮಾಣ, ಗಣಿ ಹಾಗೂ ಜಲ್ಲಿ ಕ್ರಷರ್‌ಗಳ ಕಾರ್ಮಿಕರಲ್ಲಿ ಇದು ಹೆಚ್ಚಾಗಿ ಕಂಡುಬರುತ್ತದೆ. ಇದನ್ನು ಗುಣಪಡಿಸಲಾಗದು, ಆದರೆ ತಡೆಗಟ್ಟಬಹುದು.

ಇತಿಹಾಸ

ಇಟಲಿಯ ವೈದ್ಯ ಬರ್ನಾರ್ಡಿನೊ ರಮಾಝಿನಿ ಅವರು 18ನೆಯ ಶತಮಾನದ ಆರಂಭದಲ್ಲಿಯೇ, ವೆನಿಸ್‌ನ ತಾಮ್ರದ ಕೆಲಸಗಾರರು ಸುತ್ತಿಗೆಯ ಸದ್ದಿನಿಂದ ಕಿವುಡರಾಗುವುದನ್ನು ದಾಖಲಿಸಿದ್ದರು. 1886ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ವೈದ್ಯ ಥಾಮಸ್ ಬಾರ್ ಅವರು 100 ಬಾಯ್ಲರ್ ಕಾರ್ಮಿಕರನ್ನು ಪರೀಕ್ಷಿಸಿದಾಗ ಒಬ್ಬರಿಗೂ ಸಹಜ ಶ್ರವಣ ಶಕ್ತಿ ಉಳಿದಿರಲಿಲ್ಲ. ಇಂಗ್ಲೆಂಡಿನ ಲ್ಯಾಂಕಾಶೈರ್‌ನ ಹತ್ತಿ ಗಿರಣಿಗಳಲ್ಲಿ ಮಗ್ಗಗಳ ಸದ್ದಿನ ನಡುವೆ ಮಾತು ಕೇಳಿಸದ ಕಾರಣ, ನೇಕಾರರು ತುಟಿಗಳ ಚಲನೆಯನ್ನು ಉತ್ಪ್ರೇಕ್ಷಿಸಿ ಮಾತನಾಡುವ ರೂಢಿ ಬೆಳೆಸಿಕೊಂಡಿದ್ದರು.

ಕಾರಣ ಮತ್ತು ಲಕ್ಷಣಗಳು

ಒಳಕಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುರುಳಿಯಾಗಿರುವ ಕಾಕ್ಲಿಯ ಎಂಬ ಅಂಗವಿದೆ. ಅದರಲ್ಲಿನ ಸೂಕ್ಷ್ಮ ರೋಮಕೋಶಗಳು ಶಬ್ದದ ಕಂಪನವನ್ನು ನರ ಸಂಕೇತವಾಗಿ ಪರಿವರ್ತಿಸುತ್ತವೆ. ತೀವ್ರ ಶಬ್ದದಿಂದ ನಾಶವಾದ ರೋಮಕೋಶಗಳು ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ.

ಆರಂಭದಲ್ಲಿ ಪಾಳಿ ಮುಗಿದ ಬಳಿಕ ಕಿವಿ ಮಂದವಾಗುತ್ತದೆ ಅಥವಾ ಗುಂಯ್‌ಗುಡುತ್ತದೆ. ವಿಶ್ರಾಂತಿಯ ನಂತರ ಸರಿಹೋದಂತೆ ಅನಿಸುತ್ತದೆ. ಈ ಚೇತರಿಕೆಯಿಂದಾಗಿ ಕಾರ್ಮಿಕರು ಅಪಾಯವನ್ನು ಗುರುತಿಸುವುದು ತಡವಾಗುತ್ತದೆ. ಶಾಶ್ವತ ಹಾನಿಯು ಸಾಮಾನ್ಯವಾಗಿ 3,000ದಿಂದ 6,000 ಹರ್ಟ್ಸ್ ಆವರ್ತನದಲ್ಲಿ ಮೊದಲು ಕಾಣಿಸಿಕೊಳ್ಳುತ್ತದೆ. ಸ, ಶ, ತ, ಕ ಮುಂತಾದ ವ್ಯಂಜನಗಳ ಸ್ಪಷ್ಟತೆ ಹೆಚ್ಚಿನ ಆವರ್ತನಗಳನ್ನು ಅವಲಂಬಿಸಿರುವುದರಿಂದ ‘ಸಾಲು’, ‘ಕಾಲು’, ‘ಹಾಲು’ ಎಂಬ ಪದಗಳ ನಡುವಿನ ವ್ಯತ್ಯಾಸ ತಿಳಿಯದಾಗುತ್ತದೆ. ಧ್ವನಿ ಕೇಳಿಸಿದರೂ ಮಾತು ಅರ್ಥವಾಗದ ಈ ಸ್ಥಿತಿಯು ವ್ಯಕ್ತಿಯನ್ನು ಮನೆಯ ಸಂಭಾಷಣೆಯಿಂದಲೂ ದೂರ ಮಾಡುತ್ತದೆ. ಯಂತ್ರದ ಎಚ್ಚರಿಕೆಯ ಸದ್ದು ಕೇಳಿಸದೆ ಅಪಘಾತಗಳೂ ಸಂಭವಿಸಬಹುದು. ಶ್ರವಣ ಸಾಧನವು ಧ್ವನಿಯನ್ನು ಹೆಚ್ಚಿಸುತ್ತದೆಯೇ ಹೊರತು ಕಳೆದುಹೋದ ಸ್ಪಷ್ಟತೆಯನ್ನು ಪೂರ್ಣವಾಗಿ ಮರಳಿಸುವುದಿಲ್ಲ.

ಮಿತಿಗಳು

ಶಬ್ದದ ಮಟ್ಟವನ್ನು ಡೆಸಿಬಲ್‌ಗಳಲ್ಲಿ ಅಳೆಯಲಾಗುತ್ತದೆ. ಇದು ಲಾಗರಿದಮಿಕ್ ಮಾಪನವಾದ್ದರಿಂದ ಮಟ್ಟವು 3 ಡೆಸಿಬಲ್ ಏರಿದರೆ ಶಬ್ದ ಶಕ್ತಿ ಇಮ್ಮಡಿಯಾಗುತ್ತದೆ. ಅಮೆರಿಕದ ರಾಷ್ಟ್ರೀಯ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯ ಸಂಸ್ಥೆಯು ದಿನಕ್ಕೆ 8 ಗಂಟೆಗೆ 85 ಡೆಸಿಬಲ್ ಮಿತಿಯನ್ನು ಶಿಫಾರಸು ಮಾಡಿದೆ. ಇದರ ಪ್ರಕಾರ 88 ಡೆಸಿಬಲ್‌ಗೆ 4 ಗಂಟೆ, 94ಕ್ಕೆ 1 ಗಂಟೆ ಮತ್ತು 100ಕ್ಕೆ 15 ನಿಮಿಷ ಮಾತ್ರ ಸುರಕ್ಷಿತ ಅವಧಿ. ಭಾರತದ ಕಾರ್ಖಾನೆ ನಿಯಮಗಳಲ್ಲಿ 8 ಗಂಟೆಯ ಮಿತಿ 90 ಡೆಸಿಬಲ್ ಆಗಿತ್ತು. ಇದು 85ಕ್ಕಿಂತ ಸುಮಾರು ಮೂರು ಪಟ್ಟು ಹೆಚ್ಚಿನ ಶಕ್ತಿಗೆ ಸಮ.

ಕಾನೂನು ಮತ್ತು ಪರಿಹಾರ

ಭಾರತದ 1948ರ ಕಾರ್ಖಾನೆಗಳ ಕಾಯ್ದೆಯ ಮೂರನೆಯ ಅನುಸೂಚಿಯಲ್ಲಿ ಶಬ್ದಜನ್ಯ ಶ್ರವಣ ನಷ್ಟವನ್ನು, ಅಧಿಕಾರಿಗಳಿಗೆ ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗಗಳ ಪಟ್ಟಿಗೆ ಸೇರಿಸಲಾಗಿತ್ತು. 1948ರ ನೌಕರರ ರಾಜ್ಯ ವಿಮಾ ಕಾಯ್ದೆಯ ಔದ್ಯೋಗಿಕ ರೋಗಗಳ ಅನುಸೂಚಿಯೂ ಶಬ್ದದಿಂದಾಗುವ ಶ್ರವಣ ದೋಷವನ್ನು ಒಳಗೊಂಡಿತ್ತು. ವಯೋಸಹಜ ಕಿವುಡುತನದಿಂದ ಇದನ್ನು ಬೇರ್ಪಡಿಸುವುದು ಕಷ್ಟ. ಆದ್ದರಿಂದ ಕೆಲಸಕ್ಕೆ ಸೇರುವಾಗಲೇ ಮಾಡಿದ ಶ್ರವಣ ಪರೀಕ್ಷೆಯ ದಾಖಲೆಯು ಪರಿಹಾರ ಕೋರುವ ಕಾರ್ಮಿಕರಿಗೆ ಮುಖ್ಯ ಆಧಾರವಾಗುತ್ತದೆ.

ತಡೆಗಟ್ಟುವಿಕೆ

ಶಬ್ದವನ್ನು ಮೂಲದಲ್ಲಿಯೇ ತಗ್ಗಿಸುವುದು ಅತ್ಯಂತ ಪರಿಣಾಮಕಾರಿ ಕ್ರಮ. ಕಡಿಮೆ ಸದ್ದಿನ ಯಂತ್ರಗಳ ಬಳಕೆ, ಸವೆದ ಭಾಗಗಳ ಬದಲಾವಣೆ, ಕಂಪನ ತಡೆಯುವ ರಬ್ಬರ್ ಆಧಾರ ಮತ್ತು ಯಂತ್ರಕ್ಕೆ ಆವರಣ ಹಾಕುವುದು ಇದರಲ್ಲಿ ಸೇರಿವೆ. ಗದ್ದಲದ ವಿಭಾಗದಲ್ಲಿ ಕೆಲಸದ ಅವಧಿಯನ್ನು ಕಡಿಮೆ ಮಾಡುವುದು ನಂತರದ ಕ್ರಮ. ಇಯರ್‌ಪ್ಲಗ್ ಮತ್ತು ಇಯರ್‌ಮಫ್‌ಗಳು ಕೊನೆಯ ರಕ್ಷಣೆ. ಇವುಗಳನ್ನು ಪಾಳಿಯುದ್ದಕ್ಕೂ ಧರಿಸಬೇಕಾಗುತ್ತದೆ: 30 ಡೆಸಿಬಲ್ ತಗ್ಗಿಸಬಲ್ಲ ಸಾಧನವನ್ನು 8 ಗಂಟೆಗಳ ಪಾಳಿಯಲ್ಲಿ ಕೇವಲ 30 ನಿಮಿಷ ತೆಗೆದಿಟ್ಟರೂ ಒಟ್ಟು ರಕ್ಷಣೆ ಸುಮಾರು 12 ಡೆಸಿಬಲ್‌ಗೆ ಇಳಿಯುತ್ತದೆ. ವಾರ್ಷಿಕ ಶ್ರವಣ ಪರೀಕ್ಷೆಯಿಂದ, ಮಾತು ಕೇಳಿಸದಾಗುವ ಹಂತಕ್ಕೆ ಮೊದಲೇ ಹಾನಿಯನ್ನು ಪತ್ತೆಹಚ್ಚಬಹುದು.