1984ರಲ್ಲಿ ಲಿಕ್ಟೆನ್‌ಸ್ಟೈನ್

ಮಧ್ಯ ಯುರೋಪಿನ ಆಲ್ಪ್ಸ್ ಪರ್ವತ ಪ್ರದೇಶದ ಪುಟ್ಟ ರಾಷ್ಟ್ರವಾದ ಲಿಕ್ಟೆನ್‌ಸ್ಟೈನ್‌ನ ಇತಿಹಾಸದಲ್ಲಿ 1984 ಒಂದು ಪ್ರಮುಖ ವರ್ಷವಾಗಿದೆ. ಈ ವರ್ಷದ ಜುಲೈ 1ರಂದು ನಡೆದ ಜನಮತಗಣನೆಯಲ್ಲಿ ದೇಶದ ಪುರುಷ ಮತದಾರರು ಮಹಿಳೆಯರಿಗೆ ರಾಷ್ಟ್ರಮಟ್ಟದ ಮತದಾನದ ಹಕ್ಕನ್ನು ನೀಡಲು ಅಲ್ಪ ಬಹುಮತದಿಂದ ಒಪ್ಪಿಗೆ ಸೂಚಿಸಿದರು. ಇದರೊಂದಿಗೆ ಯುರೋಪಿನಲ್ಲಿ ಮಹಿಳೆಯರಿಗೆ ಮತಾಧಿಕಾರ ನೀಡಿದ ಕೊನೆಯ ದೇಶ ಲಿಕ್ಟೆನ್‌ಸ್ಟೈನ್ ಆಯಿತು. ಆಗಸ್ಟ್ 26ರಂದು, 46 ವರ್ಷಗಳಿಂದ ಆಳುತ್ತಿದ್ದ ದೊರೆ ಎರಡನೇ ಫ್ರಾನ್ಜ್ ಜೋಸೆಫ್ ತಮ್ಮ ಆಡಳಿತಾಧಿಕಾರದ ಚಲಾವಣೆಯನ್ನು ಯುವರಾಜ ಹಾನ್ಸ್-ಆಡಮ್ ಅವರಿಗೆ ವಹಿಸಿಕೊಟ್ಟರು. ಇದೇ ವರ್ಷದ ಫೆಬ್ರವರಿಯಲ್ಲಿ ಸರಾಯೆವೊ ನಗರದಲ್ಲಿ ನಡೆದ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ದೇಶದ ಕ್ರೀಡಾಪಟುಗಳು ಎರಡು ಕಂಚಿನ ಪದಕಗಳನ್ನು ಗಳಿಸಿದರು.

ಹಿನ್ನೆಲೆ

ಸ್ವಿಟ್ಜರ್ಲೆಂಡ್ ಮತ್ತು ಆಸ್ಟ್ರಿಯಾಗಳ ನಡುವೆ, ರೈನ್ ನದಿಯ ಪೂರ್ವ ದಂಡೆಯಲ್ಲಿರುವ ಲಿಕ್ಟೆನ್‌ಸ್ಟೈನ್‌ನ ವಿಸ್ತೀರ್ಣ ಕೇವಲ 160 ಚದರ ಕಿಲೋಮೀಟರ್. 1984ರಲ್ಲಿ ಇದರ ಜನಸಂಖ್ಯೆ 27,000ಕ್ಕಿಂತ ಕಡಿಮೆಯಿತ್ತು. ನಿವಾಸಿಗಳಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚಿನವರು ವಿದೇಶಿ ಪ್ರಜೆಗಳಾಗಿದ್ದರು. ರಾಜಧಾನಿ ಫಾಡುಟ್ಸ್ ಸೇರಿದಂತೆ ದೇಶದಲ್ಲಿ ಒಟ್ಟು 11 ಪುರಸಭೆಗಳಿವೆ. ಆಡಳಿತ ಭಾಷೆ ಜರ್ಮನ್. 1923ರಲ್ಲಿ ಸ್ವಿಟ್ಜರ್ಲೆಂಡ್‌ನೊಂದಿಗೆ ಮಾಡಿಕೊಂಡ ಸುಂಕ ಒಪ್ಪಂದದ ನಂತರ ಈ ದೇಶವು ಆರ್ಥಿಕವಾಗಿ ಆ ನೆರೆರಾಷ್ಟ್ರದೊಂದಿಗೆ ನಿಕಟವಾಗಿ ಬೆಸೆದುಕೊಂಡಿತು. ಸ್ವಿಸ್ ಫ್ರಾಂಕ್ ಇಲ್ಲಿಯ ಚಲಾವಣೆಯ ನಾಣ್ಯವಾಗಿದೆ.

1921ರ ಸಂವಿಧಾನದ ಪ್ರಕಾರ ಲಿಕ್ಟೆನ್‌ಸ್ಟೈನ್ ಆನುವಂಶಿಕ ರಾಜಪ್ರಭುತ್ವವಾಗಿದ್ದು, ರಾಜ್ಯಾಧಿಕಾರವು ದೊರೆ ಮತ್ತು ಪ್ರಜೆಗಳಿಬ್ಬರಲ್ಲಿಯೂ ನೆಲೆಗೊಂಡಿದೆ. ಶಾಸನಸಭೆಯನ್ನು ಲಾಂಡ್‌ಟಾಗ್ ಎಂದು ಕರೆಯಲಾಗುತ್ತದೆ. 1984ರಲ್ಲಿ ಅದರ ಸದಸ್ಯ ಸಂಖ್ಯೆ 15 ಆಗಿತ್ತು. ಪ್ರಜೆಗಳು ಪ್ರತಿನಿಧಿಗಳನ್ನು ಚುನಾಯಿಸುವುದಲ್ಲದೆ, ಕಾನೂನು ಹಾಗೂ ಸಂವಿಧಾನ ತಿದ್ದುಪಡಿಗಳ ಬಗ್ಗೆ ಜನಮತಗಣನೆಯ ಮೂಲಕ ನೇರವಾಗಿ ತೀರ್ಮಾನ ಕೈಗೊಳ್ಳಬಹುದು. ಈ ನೇರ ಪ್ರಜಾಪ್ರಭುತ್ವದ ವ್ಯವಸ್ಥೆಯೇ ಮಹಿಳಾ ಮತಾಧಿಕಾರದ ವಿಳಂಬಕ್ಕೆ ಒಂದು ಮುಖ್ಯ ಕಾರಣವಾಯಿತು. ಶಾಸನಸಭೆ ಒಪ್ಪಿದರೂ ಮತಗಟ್ಟೆಯಲ್ಲಿ ಅಂತಿಮ ತೀರ್ಮಾನ ಮಾಡುತ್ತಿದ್ದವರು ಪುರುಷರು ಮಾತ್ರ. ಹಕ್ಕು ಯಾರಿಗೆ ಇರಲಿಲ್ಲವೋ ಅವರಿಗೆ ಆ ಹಕ್ಕಿನ ಕುರಿತು ಮತ ಚಲಾಯಿಸುವ ಅವಕಾಶವೂ ಇರಲಿಲ್ಲ.

ಪ್ರಮುಖ ಪದಾಧಿಕಾರಿಗಳು

- ರಾಷ್ಟ್ರದ ಮುಖ್ಯಸ್ಥ: ದೊರೆ ಎರಡನೇ ಫ್ರಾನ್ಜ್ ಜೋಸೆಫ್ (1938ರಿಂದ)
- ದೊರೆಯ ಪ್ರತಿನಿಧಿ: ಯುವರಾಜ ಹಾನ್ಸ್-ಆಡಮ್ (1984ರ ಆಗಸ್ಟ್ 26ರಿಂದ)
- ಪ್ರಧಾನಮಂತ್ರಿ: ಹಾನ್ಸ್ ಬ್ರೂನ್‌ಹಾರ್ಟ್ (1978ರಿಂದ)

ಬ್ರೂನ್‌ಹಾರ್ಟ್ ಅವರು ಪಿತೃಭೂಮಿ ಒಕ್ಕೂಟ ಪಕ್ಷಕ್ಕೆ ಸೇರಿದವರು. 1982ರ ಚುನಾವಣೆಯಲ್ಲಿ ಈ ಪಕ್ಷವು 8 ಸ್ಥಾನಗಳನ್ನೂ ಪ್ರಗತಿಪರ ನಾಗರಿಕ ಪಕ್ಷವು 7 ಸ್ಥಾನಗಳನ್ನೂ ಗಳಿಸಿದ್ದವು. 1938ರಿಂದ 1997ರವರೆಗೆ ಈ ಎರಡೂ ಪಕ್ಷಗಳು ಸೇರಿ ಸಮ್ಮಿಶ್ರ ಸರ್ಕಾರ ನಡೆಸುತ್ತಿದ್ದುದರಿಂದ, 1984ರಲ್ಲಿ ಶಾಸನಸಭೆಯ ಸದಸ್ಯರೆಲ್ಲರೂ ಆಡಳಿತ ಪಕ್ಷಗಳವರೇ ಆಗಿದ್ದರು. ಅವರಲ್ಲಿ ಒಬ್ಬ ಮಹಿಳೆಯೂ ಇರಲಿಲ್ಲ.

ಸರಾಯೆವೊ ಒಲಿಂಪಿಕ್ಸ್

14ನೇ ಚಳಿಗಾಲದ ಒಲಿಂಪಿಕ್ ಕ್ರೀಡಾಕೂಟವು ಫೆಬ್ರವರಿ 8ರಿಂದ 19ರವರೆಗೆ ಅಂದಿನ ಯುಗೊಸ್ಲಾವಿಯಾದ ಸರಾಯೆವೊದಲ್ಲಿ ಜರುಗಿತು. ಆಲ್ಪೈನ್ ಸ್ಕೀಯಿಂಗ್‌ನ ಪುರುಷರ ಜಯಂಟ್ ಸ್ಲಾಲಮ್ ಸ್ಪರ್ಧೆಯಲ್ಲಿ ಆಂಡ್ರಿಯಾಸ್ ವೆನ್ಜೆಲ್ ಕಂಚಿನ ಪದಕ ಪಡೆದರು. ಈ ಸ್ಪರ್ಧೆಯ ಚಿನ್ನ ಸ್ವಿಟ್ಜರ್ಲೆಂಡ್‌ನ ಮ್ಯಾಕ್ಸ್ ಯುಲೆನ್ ಅವರಿಗೂ, ಬೆಳ್ಳಿ ಯುಗೊಸ್ಲಾವಿಯಾದ ಯೂರೆ ಫ್ರಾಂಕೊ ಅವರಿಗೂ ದೊರೆಯಿತು. ಮಹಿಳೆಯರ ಸ್ಲಾಲಮ್ ಸ್ಪರ್ಧೆಯಲ್ಲಿ ಉರ್ಸುಲಾ ಕೋನ್ಜೆಟ್ ಕಂಚು ಗೆದ್ದರು. ಅದರಲ್ಲಿ ಇಟಲಿಯ ಪಾವೊಲೆಟ್ಟಾ ಮಾಗೋನಿ ಚಿನ್ನವನ್ನೂ ಫ್ರಾನ್ಸ್‌ನ ಪೆರಿನ್ ಪೆಲೆನ್ ಬೆಳ್ಳಿಯನ್ನೂ ಪಡೆದರು.

1980ರ ಲೇಕ್ ಪ್ಲಾಸಿಡ್ ಕ್ರೀಡಾಕೂಟದಲ್ಲಿ ಎರಡು ಚಿನ್ನ ಹಾಗೂ ಒಂದು ಬೆಳ್ಳಿ ಪದಕ ಗಳಿಸಿ ದೇಶಕ್ಕೆ ಜಾಗತಿಕ ಪ್ರಸಿದ್ಧಿ ತಂದಿದ್ದ ಹಾನ್ನಿ ವೆನ್ಜೆಲ್ ಸರಾಯೆವೊದಲ್ಲಿ ಸ್ಪರ್ಧಿಸಲಿಲ್ಲ. ಆಂಡ್ರಿಯಾಸ್ ವೆನ್ಜೆಲ್ ಅವರ ಸಹೋದರಿಯಾದ ಇವರಿಗೂ ಸ್ವೀಡನ್ನಿನ ಇಂಗೆಮಾರ್ ಸ್ಟೆನ್‌ಮಾರ್ಕ್ ಅವರಿಗೂ, ವೃತ್ತಿಪರ ಕ್ರೀಡಾಪಟುಗಳಿಗೆ ಸಂಬಂಧಿಸಿದ ಅಂದಿನ ನಿಯಮಗಳ ಕಾರಣ ಪ್ರವೇಶ ನಿರಾಕರಿಸಲಾಗಿತ್ತು. ಹಾನ್ನಿ ವೆನ್ಜೆಲ್ ಮತ್ತು ಉರ್ಸುಲಾ ಕೋನ್ಜೆಟ್ ದೇಶದ ಧ್ವಜದಡಿ ಪದಕ ಗೆದ್ದಾಗ, ಅವರ ದೇಶದ ಮಹಿಳೆಯರಿಗೆ ಶಾಸನಸಭೆಗೆ ಮತ ಹಾಕುವ ಹಕ್ಕು ಇರಲಿಲ್ಲ.

ಬೇಸಿಗೆಯಲ್ಲಿ ನಡೆದ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿಯೂ ಲಿಕ್ಟೆನ್‌ಸ್ಟೈನ್ ಭಾಗವಹಿಸಿತು. ಆದರೆ ಪದಕ ಲಭಿಸಲಿಲ್ಲ.

ಮಹಿಳಾ ಮತಾಧಿಕಾರದ ಜನಮತಗಣನೆ

ಹಿಂದಿನ ಪ್ರಯತ್ನಗಳು

ಮಹಿಳೆಯರಿಗೆ ಮತಾಧಿಕಾರ ನೀಡುವ ಪ್ರಶ್ನೆಯನ್ನು 1984ಕ್ಕೂ ಮೊದಲು ಮೂರು ಬಾರಿ ಮತಕ್ಕೆ ಹಾಕಲಾಗಿತ್ತು. 1968ರಲ್ಲಿ ಪುರುಷರು ಮತ್ತು ಮಹಿಳೆಯರು ಇಬ್ಬರ ಅಭಿಪ್ರಾಯವನ್ನೂ ಸಂಗ್ರಹಿಸಲಾಯಿತು. ಫಲಿತಾಂಶ ಪ್ರಸ್ತಾಪಕ್ಕೆ ವಿರುದ್ಧವಾಗಿತ್ತು. 1971ರ ಫೆಬ್ರವರಿ 7ರಂದು ನೆರೆಯ ಸ್ವಿಟ್ಜರ್ಲೆಂಡ್‌ನ ಪುರುಷರು ಮಹಿಳೆಯರಿಗೆ ಒಕ್ಕೂಟ ಮಟ್ಟದಲ್ಲಿ ಮತಾಧಿಕಾರ ನೀಡಿದರು. ಅದಾದ ಮೂರು ವಾರಗಳಲ್ಲಿ ಲಿಕ್ಟೆನ್‌ಸ್ಟೈನ್‌ನ ಪುರುಷರು ಅದೇ ಪ್ರಶ್ನೆಗೆ ಉತ್ತರಿಸಬೇಕಾಯಿತು. ಫೆಬ್ರವರಿ 28ರ ಎಣಿಕೆಯಲ್ಲಿ ಪ್ರಸ್ತಾಪವು ನೂರಕ್ಕಿಂತಲೂ ಕಡಿಮೆ ಮತಗಳ ಅಂತರದಿಂದ ಬಿದ್ದುಹೋಯಿತು. 1973ರ ಫೆಬ್ರವರಿಯಲ್ಲಿ ಮತ್ತೆ ಮತದಾನ ನಡೆದಾಗ ಅಂತರ ಕಡಿಮೆಯಾಗುವ ಬದಲು ಹೆಚ್ಚಾಗಿ, ಶೇಕಡಾ 56ರಷ್ಟು ಮತದಾರರು ವಿರೋಧಿಸಿದರು.

ಮೂರನೆಯ ಸೋಲಿನ ನಂತರ ಸುಧಾರಣೆಯು ಬೇರೆ ದಾರಿಗಳಲ್ಲಿ ನಿಧಾನವಾಗಿ ಸಾಗಿತು. 1974ರಲ್ಲಿ ವಿದೇಶಿಯರನ್ನು ಮದುವೆಯಾದ ಲಿಕ್ಟೆನ್‌ಸ್ಟೈನ್ ಮಹಿಳೆಯರು ತಮ್ಮ ಪೌರತ್ವವನ್ನು ಉಳಿಸಿಕೊಳ್ಳಲು ಅವಕಾಶ ನೀಡಲಾಯಿತು. 1976ರಲ್ಲಿ ಪುರಸಭೆಗಳು ತಮ್ಮ ವ್ಯಾಪ್ತಿಯಲ್ಲಿ ಮಹಿಳೆಯರಿಗೆ ಮತಾಧಿಕಾರ ನೀಡಲು ಅನುಮತಿ ಪಡೆದವು. ಇದನ್ನು ಮೊದಲು ಬಳಸಿಕೊಂಡದ್ದು ಫಾಡುಟ್ಸ್. ಇದರಿಂದಾಗಿ ಕೆಲವು ಊರುಗಳ ಮಹಿಳೆಯರು ತಮ್ಮ ಪುರಸಭೆಯ ಆಡಳಿತವನ್ನು ಚುನಾಯಿಸಬಹುದಾಗಿತ್ತು, ಆದರೆ ದೇಶದ ಶಾಸನಸಭೆಯನ್ನಲ್ಲ. ಬೇರೆ ಊರುಗಳ ಮಹಿಳೆಯರಿಗೆ ಈ ಎರಡೂ ಹಕ್ಕುಗಳಿರಲಿಲ್ಲ.

ಚಳವಳಿ

1981ರಲ್ಲಿ ಮಹಿಳೆಯರ ಒಂದು ಗುಂಪು ‘ಆಕ್ತ್ಸಿಯೋನ್ ಡೋರ್ನ್‌ರೋಸ್‌ಖೆನ್’ ಎಂಬ ಸಂಘಟನೆಯನ್ನು ಆರಂಭಿಸಿತು. ಡೋರ್ನ್‌ರೋಸ್‌ಖೆನ್ ಎಂಬುದು ನೂರು ವರ್ಷ ನಿದ್ರಿಸಿ ಎಚ್ಚರಗೊಳ್ಳುವ ರಾಜಕುಮಾರಿಯ ಜನಪ್ರಿಯ ಜರ್ಮನ್ ಕಥೆಯ ನಾಯಕಿಯ ಹೆಸರು. ಜನಮತಗಣನೆಯ ಹಾದಿ ಮುಚ್ಚಿದಂತೆ ಕಂಡಾಗ ಈ ಮಹಿಳೆಯರು ನ್ಯಾಯಾಲಯದ ಮೊರೆಹೋದರು. ಮತಾಧಿಕಾರದ ನಿರಾಕರಣೆಯು ಸಂವಿಧಾನದ ಸಮಾನತೆಯ ತತ್ತ್ವಕ್ಕೆ ವಿರುದ್ಧ ಎಂಬುದು ಅವರ ವಾದವಾಗಿತ್ತು. ಸಂವಿಧಾನಾತ್ಮಕ ವಿಷಯಗಳನ್ನು ವಿಚಾರಿಸುವ ರಾಜ್ಯ ನ್ಯಾಯಾಲಯವು 1982ರಲ್ಲಿ ಈ ದೂರನ್ನು ತಿರಸ್ಕರಿಸಿತು. ಲಿಕ್ಟೆನ್‌ಸ್ಟೈನ್ 1978ರಲ್ಲಿ ಯುರೋಪ್ ಪರಿಷತ್ತಿನ ಸದಸ್ಯತ್ವ ಪಡೆದಿತ್ತು. 1983ರಲ್ಲಿ ಸಂಘಟನೆಯ ಸದಸ್ಯೆಯರು ಪರಿಷತ್ತಿನ ಕೇಂದ್ರವಾದ ಸ್ಟ್ರಾಸ್‌ಬರ್ಗ್‌ಗೆ ತೆರಳಿ ತಮ್ಮ ಅಹವಾಲನ್ನು ಮಂಡಿಸಿದರು. ದೇಶದ ಒಳಗಿನ ವಿವಾದ ಹೀಗೆ ಯುರೋಪಿನ ಗಮನಕ್ಕೆ ಬಂದಿತು. ಸ್ವದೇಶದಲ್ಲಿ ಈ ಪ್ರವಾಸವು ಟೀಕೆಗೂ ಗುರಿಯಾಯಿತು.

ವಿರೋಧಿಗಳ ವಾದಗಳಲ್ಲಿ ಎರಡು ಮುಖ್ಯವಾಗಿದ್ದವು. ಮೊದಲನೆಯದು, ಮನೆ ಮತ್ತು ಕುಟುಂಬ ಮಹಿಳೆಯ ಕ್ಷೇತ್ರ, ರಾಜಕೀಯ ಪುರುಷನ ಕ್ಷೇತ್ರ ಎಂಬ ಸಾಂಪ್ರದಾಯಿಕ ನಿಲುವು. ಎರಡನೆಯದು, ಪೌರತ್ವಕ್ಕೆ ಸಂಬಂಧಿಸಿದ್ದು. ಲಿಕ್ಟೆನ್‌ಸ್ಟೈನ್‌ನ ಪುರುಷರನ್ನು ಮದುವೆಯಾದ ವಿದೇಶಿ ಮಹಿಳೆಯರು ವಿವಾಹದ ಮೂಲಕ ಪೌರತ್ವ ಪಡೆಯುತ್ತಿದ್ದುದರಿಂದ, ಹೊರಗಿನಿಂದ ಬಂದವರ ಮತಗಳು ಪುಟ್ಟ ದೇಶದ ತೀರ್ಮಾನಗಳನ್ನು ಬದಲಿಸಬಹುದೆಂಬ ಆತಂಕ ವ್ಯಕ್ತವಾಗಿತ್ತು.

ಮತದಾನ ಮತ್ತು ಫಲಿತಾಂಶ

1984ರಲ್ಲಿ ಸಂವಿಧಾನ ತಿದ್ದುಪಡಿಯ ಪ್ರಸ್ತಾಪವನ್ನು ನಾಲ್ಕನೆಯ ಬಾರಿಗೆ ಮತದಾರರ ಮುಂದಿಡಲಾಯಿತು. ರಾಜಮನೆತನವೂ ಪ್ರಧಾನಮಂತ್ರಿ ಬ್ರೂನ್‌ಹಾರ್ಟ್ ಅವರೂ ಪ್ರಸ್ತಾಪವನ್ನು ಬೆಂಬಲಿಸಿದರು. ಜುಲೈ 1ರ ಭಾನುವಾರದಂದು ಪ್ರಕಟವಾದ ಫಲಿತಾಂಶ ಹೀಗಿದೆ:

- ಪರವಾದ ಮತಗಳು: 2,370 (ಶೇಕಡಾ 51.3)
- ವಿರುದ್ಧವಾದ ಮತಗಳು: 2,251 (ಶೇಕಡಾ 48.7)
- ಅಂತರ: 119 ಮತಗಳು
- ಮತದಾನದ ಪ್ರಮಾಣ: ಸುಮಾರು ಶೇಕಡಾ 86

ಪರವಾಗಿ ಮತ ಹಾಕಿದ್ದ 60 ಪುರುಷರು ವಿರುದ್ಧವಾಗಿ ಹಾಕಿದ್ದರೆ ಪ್ರಸ್ತಾಪವು ನಾಲ್ಕನೆಯ ಬಾರಿಯೂ ಸೋಲುತ್ತಿತ್ತು. ಇಂತಹ ಅಲ್ಪ ಅಂತರದ ತೀರ್ಮಾನದಿಂದ ದೇಶದ ಮತದಾರರ ಸಂಖ್ಯೆ ಒಮ್ಮೆಗೇ ದುಪ್ಪಟ್ಟಿಗಿಂತ ಹೆಚ್ಚಾಯಿತು.

ಈ ತೀರ್ಮಾನ ರಾಷ್ಟ್ರಮಟ್ಟಕ್ಕೆ ಮಾತ್ರ ಅನ್ವಯಿಸುತ್ತಿತ್ತು. ಮಹಿಳೆಯರಿಗೆ ಸ್ಥಳೀಯ ಮತಾಧಿಕಾರವನ್ನು ಇನ್ನೂ ನೀಡದಿದ್ದ ಪುರಸಭೆಗಳಲ್ಲಿ ಹಳೆಯ ಸ್ಥಿತಿಯೇ ಮುಂದುವರಿಯಿತು. ಮೊದಲು ಊರಿನ ಮತಕ್ಕೆ ಅವಕಾಶವಿದ್ದು ದೇಶದ ಮತಕ್ಕೆ ಇರಲಿಲ್ಲ. ಈಗ ಆ ಪುರಸಭೆಗಳ ಮಹಿಳೆಯರ ಪಾಲಿಗೆ ಅದು ತಿರುವುಮುರುವಾಯಿತು. 1986ರ ವೇಳೆಗೆ ಉಳಿದ ಪುರಸಭೆಗಳೂ ಈ ಹಕ್ಕನ್ನು ಒಪ್ಪಿಕೊಂಡವು.

ಅಧಿಕಾರ ಹಸ್ತಾಂತರ

ಎರಡನೇ ಫ್ರಾನ್ಜ್ ಜೋಸೆಫ್ 1938ರ ಜುಲೈನಲ್ಲಿ ಪಟ್ಟಕ್ಕೆ ಬಂದರು. ಅದೇ ವರ್ಷ ನಾಜಿ ಜರ್ಮನಿಯು ಆಸ್ಟ್ರಿಯಾವನ್ನು ತನ್ನೊಳಗೆ ಸೇರಿಸಿಕೊಂಡಿತ್ತು. ಅದುವರೆಗೆ ಈ ವಂಶದ ದೊರೆಗಳು ಹೆಚ್ಚಾಗಿ ವಿಯೆನ್ನಾ ಮತ್ತು ಇಂದಿನ ಜೆಕ್ ಗಣರಾಜ್ಯದಲ್ಲಿದ್ದ ತಮ್ಮ ಎಸ್ಟೇಟುಗಳಲ್ಲಿ ವಾಸಿಸುತ್ತಿದ್ದರು. ಫಾಡುಟ್ಸ್ ಕೋಟೆಯನ್ನು ಕಾಯಂ ನಿವಾಸವಾಗಿ ಮಾಡಿಕೊಂಡ ಮೊದಲ ದೊರೆ ಫ್ರಾನ್ಜ್ ಜೋಸೆಫ್. ಅವರ ಕಾಲದಲ್ಲಿ ಎರಡನೆಯ ಮಹಾಯುದ್ಧದಲ್ಲಿ ದೇಶವು ತಟಸ್ಥವಾಗಿ ಉಳಿಯಿತು. ಯುದ್ಧಾನಂತರ ಬೇಸಾಯ ಪ್ರಧಾನವಾಗಿದ್ದ ಈ ನಾಡು ಕೈಗಾರಿಕೆ ಮತ್ತು ಬ್ಯಾಂಕಿಂಗ್‌ನಿಂದ ಶ್ರೀಮಂತ ರಾಷ್ಟ್ರವಾಗಿ ಬೆಳೆಯಿತು.

1984ರ ಆಗಸ್ಟ್ 26ರಂದು, 78 ವರ್ಷ ವಯಸ್ಸಿನ ದೊರೆಯು 39 ವರ್ಷದ ಯುವರಾಜನನ್ನು ತಮ್ಮ ಪ್ರತಿನಿಧಿಯನ್ನಾಗಿ ನೇಮಿಸಿ, ದೈನಂದಿನ ರಾಜ್ಯಾಡಳಿತದ ಅಧಿಕಾರಗಳನ್ನು ವಹಿಸಿದರು. ಇದು ಪಟ್ಟತ್ಯಾಗವಾಗಿರಲಿಲ್ಲ. ಫ್ರಾನ್ಜ್ ಜೋಸೆಫ್ 1989ರ ನವೆಂಬರ್ 13ರಂದು ನಿಧನರಾಗುವವರೆಗೂ ರಾಷ್ಟ್ರದ ಮುಖ್ಯಸ್ಥರಾಗಿಯೇ ಉಳಿದರು. ಆ ಬಳಿಕ ಯುವರಾಜರು ಎರಡನೇ ಹಾನ್ಸ್-ಆಡಮ್ ಎಂಬ ಹೆಸರಿನಿಂದ ಪಟ್ಟವೇರಿದರು. 2004ರ ಆಗಸ್ಟ್ 15ರಂದು ಹಾನ್ಸ್-ಆಡಮ್ ಕೂಡ ಇದೇ ಕ್ರಮವನ್ನು ಅನುಸರಿಸಿ ತಮ್ಮ ಮಗ ಅಲೋಯಿಸ್ ಅವರಿಗೆ ಆಡಳಿತಾಧಿಕಾರವನ್ನು ವಹಿಸಿದರು.

ಪಟ್ಟದ ಉತ್ತರಾಧಿಕಾರವು ರಾಜಮನೆತನದ ಸ್ವಂತ ಕುಲನಿಯಮಕ್ಕೆ ಒಳಪಟ್ಟಿದೆ. ಆ ನಿಯಮದಂತೆ ಪಟ್ಟವು ಗಂಡು ಸಂತತಿಯ ಹಿರಿಯರಿಗೆ ಮಾತ್ರ ಸಲ್ಲುತ್ತದೆ. 1984ರ ಜನಮತಗಣನೆಯು ಇದನ್ನು ಸ್ಪರ್ಶಿಸಲಿಲ್ಲ.

ನಂತರದ ಬೆಳವಣಿಗೆಗಳು

ಮಹಿಳೆಯರು ಭಾಗವಹಿಸಿದ ಮೊದಲ ಶಾಸನಸಭಾ ಚುನಾವಣೆ 1986ರ ಫೆಬ್ರವರಿಯಲ್ಲಿ ನಡೆಯಿತು. ಅದರಲ್ಲಿ ಎಮ್ಮಾ ಐಗೆನ್‌ಮಾನ್ ಆಯ್ಕೆಯಾಗಿ, ಲಾಂಡ್‌ಟಾಗ್ ಪ್ರವೇಶಿಸಿದ ಮೊದಲ ಮಹಿಳೆ ಎನಿಸಿಕೊಂಡರು. 15 ಸದಸ್ಯರಲ್ಲಿ ಅವರೊಬ್ಬರೇ ಮಹಿಳೆಯಾಗಿದ್ದರು. ನೆರೆಯ ಸ್ವಿಟ್ಜರ್ಲೆಂಡ್‌ನ ಆಪೆನ್ಜೆಲ್ ಇನ್ನರ್‌ರೋಡೆನ್ ಪ್ರಾಂತ್ಯದಲ್ಲಿ ಮಹಿಳೆಯರಿಗೆ ಪ್ರಾಂತೀಯ ಮತಾಧಿಕಾರ ದೊರೆತದ್ದು 1990ರಲ್ಲಿ. ಅಲ್ಲಿ ಅದನ್ನು ನೀಡಿದ್ದು ಮತದಾರರಲ್ಲ, ಒಕ್ಕೂಟದ ಸರ್ವೋಚ್ಚ ನ್ಯಾಯಾಲಯ. ಲಿಕ್ಟೆನ್‌ಸ್ಟೈನ್‌ನಲ್ಲಿ ನ್ಯಾಯಾಲಯ ನಿರಾಕರಿಸಿದ್ದನ್ನು ಮತದಾರರು ನೀಡಿದರು.

- 1992: ಪುರುಷರು ಮತ್ತು ಮಹಿಳೆಯರು ಸಮಾನ ಹಕ್ಕುಳ್ಳವರು ಎಂಬ ಮಾತನ್ನು ಸಂವಿಧಾನದಲ್ಲಿ ಸೇರಿಸಲಾಯಿತು.
- 1993: ಆಂಡ್ರಿಯಾ ವಿಲ್ಲಿ ಮತ್ತು ಕಾರ್ನೆಲಿಯಾ ಗಾಸ್ನರ್ ಸರ್ಕಾರ ಸೇರಿದ ಮೊದಲ ಮಹಿಳೆಯರಾದರು.
- 2025: ಬ್ರಿಗಿಟ್ಟೆ ಹಾಸ್ ದೇಶದ ಮೊದಲ ಮಹಿಳಾ ಪ್ರಧಾನಮಂತ್ರಿಯಾಗಿ ಅಧಿಕಾರ ಸ್ವೀಕರಿಸಿದರು. ಆ ವೇಳೆಗೆ 1984ರ ಜನಮತಗಣನೆ ನಡೆದು 40 ವರ್ಷಗಳು ಕಳೆದಿದ್ದವು.