ಗೋಪಾಲಸ್ವಾಮಿಯ ಹೆಸರು ಹೊತ್ತ ಕಾಡು

ಚಾಮರಾಜನಗರ ಜಿಲ್ಲೆಯ ಗುಂಡ್ಲುಪೇಟೆ ತಾಲ್ಲೂಕಿನಲ್ಲಿರುವ ಹಿಮವದ್ ಗೋಪಾಲಸ್ವಾಮಿ ಬೆಟ್ಟವು ಇಂದು ಬಂಡೀಪುರ ರಾಷ್ಟ್ರೀಯ ಉದ್ಯಾನದೊಳಗಿನ ವಿಹಾರತಾಣವೆಂದು ಪ್ರಸಿದ್ಧವಾಗಿದ್ದರೂ, ಕಾಲಕ್ರಮದಲ್ಲಿ ನೋಡಿದರೆ ಬೆಟ್ಟದ ದೇವರು ಮೊದಲಿನವನು, ಉದ್ಯಾನ ಆಮೇಲಿನದು. 1931ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ಮೈಸೂರು ಸಂಸ್ಥಾನವು ಇಲ್ಲಿ ಸುಮಾರು 90 ಚದರ ಕಿಲೋಮೀಟರ್ ಕಾಡನ್ನು ವನ್ಯಜೀವಿಗಳಿಗಾಗಿ ಮೀಸಲಿಟ್ಟಿತು. ಇಲ್ಲಿನ ಸಂರಕ್ಷಿತ ವನಕ್ಕೆ ವೇಣುಗೋಪಾಲ ವನ್ಯಜೀವಿ ಉದ್ಯಾನವೆಂಬ ಹೆಸರು ಬಂದದ್ದು ಇದೇ ಬೆಟ್ಟದ ಮೇಲಿನ ಕೊಳಲು ಹಿಡಿದ ಕೃಷ್ಣನಿಂದ. 1973ರಲ್ಲಿ ಹುಲಿ ಯೋಜನೆ ಆರಂಭವಾದಾಗ ಬಂಡೀಪುರವು ದೇಶದ ಮೊದಲ ಒಂಬತ್ತು ಹುಲಿ ಸಂರಕ್ಷಿತ ಪ್ರದೇಶಗಳಲ್ಲಿ ಒಂದಾಯಿತು. ಆ ವೇಳೆಗೆ ಕಾಡಿನ ಹೆಸರು ಊರಿನ ಹೆಸರಿಗೆ ತಿರುಗಿ, ದೇವರ ಹೆಸರು ಬೆಟ್ಟಕ್ಕಷ್ಟೇ ಉಳಿಯಿತು.

ಸಮುದ್ರಮಟ್ಟದಿಂದ 1,454 ಮೀಟರ್ ಎತ್ತರದ ಈ ಶಿಖರದಲ್ಲಿ ವರ್ಷದ ಹೆಚ್ಚಿನ ಕಾಲ ಮಂಜು ಕವಿದಿರುವುದರಿಂದ 'ಹಿಮವದ್', ಅಂದರೆ ಹಿಮದಿಂದ ಕೂಡಿದ ಎಂಬ ವಿಶೇಷಣ ಅದಕ್ಕೆ ಸೇರಿಕೊಂಡಿದೆ. ಗರ್ಭಗುಡಿಯಲ್ಲಿ ಒಸರುವ ತಣ್ಣನೆಯ ಹನಿಯನ್ನು ಭಕ್ತರು ಇಂದಿಗೂ ತೀರ್ಥವೆಂದು ಭಾವಿಸುತ್ತಾರೆ. ದೇವಾಲಯವನ್ನು ಹೊಯ್ಸಳರ ಮೂರನೆಯ ಬಲ್ಲಾಳನ ಕಾಲಕ್ಕೆ, 1315ರ ಸುಮಾರಿಗೆ, ಸೇರಿಸುವುದು ವಾಡಿಕೆ. ಬೆಟ್ಟಕ್ಕೆ 'ಬೆಟ್ಟದ ಕೋಟೆ' ಎಂಬ ಇನ್ನೊಂದು ಹೆಸರೂ ಇದ್ದು, ಅದು ನವದಣ್ಣಾಯಕರೆಂಬ ಒಂಬತ್ತು ಮಂದಿ ಸೇನಾನಾಯಕರ ಕಥೆಯೊಂದಿಗೆ ಹೆಣೆದುಕೊಂಡಿದೆ. ದಣ್ಣಾಯಕ ಎಂಬುದು ದಂಡನಾಯಕ ಎಂಬುದರ ತದ್ಭವ. ಇಂದು ಬರಿಯ ಹುಲ್ಲುಗಾವಲಾಗಿ ಕಾಣುವ ಈ ನೆತ್ತಿಗೆ ಕಾವಲಿನ ನೆಲೆಯೆಂಬ ಬೆಲೆಯೂ ಒಂದು ಕಾಲಕ್ಕೆ ಇತ್ತೆಂಬುದನ್ನು ಆ ಹೆಸರೇ ನೆನಪಿಸುತ್ತದೆ.

ಬೆಟ್ಟ ಹತ್ತಿ ಬುತ್ತಿ ಬಿಚ್ಚುವ ರೂಢಿಯು ಪಿಕ್ನಿಕ್ ಎಂಬ ಪದದೊಂದಿಗೆ ನಮ್ಮಲ್ಲಿಗೆ ಬಂದುದಲ್ಲ. ಕಾರ್ತಿಕ ಮಾಸದಲ್ಲಿ ನೆಲ್ಲಿಯ ಮರದ ಕೆಳಗೆ ಪೂಜೆ ಮಾಡಿ ಅಲ್ಲಿಯೇ ಕೂಡಿ ಉಣ್ಣುವ ವನಭೋಜನವು ಕನ್ನಡ ನಾಡಿನ ಹಳೆಯ ಆಚರಣೆ. ಹರಕೆ ಹೊತ್ತು ಬೆಟ್ಟದ ದೇವರಿಗೆ ನಡೆದು ಹೋಗುವವರು ಮೊಸರನ್ನವನ್ನೋ ಪುಳಿಯೋಗರೆಯನ್ನೋ ಗಂಟು ಕಟ್ಟಿಕೊಳ್ಳುವುದೂ ಅಷ್ಟೇ ಸಹಜ. ಈ ಎರಡರಲ್ಲಿಯೂ ಊಟವು ದರ್ಶನದ ನಂತರದ್ದಾಗಿತ್ತು, ಕಾಡಿನಲ್ಲಿ ಕಳೆಯುವ ಹೊತ್ತಿಗೆ ಒಂದು ಮಿತಿಯಿತ್ತು. ಬೆಟ್ಟದ ಮೇಲಿನ ಹಂಸತೀರ್ಥವೆಂಬ ಕೊಳದಲ್ಲಿ ಮಿಂದ ಕಾಗೆ ಹಂಸವಾಯಿತೆಂಬ, ಆದ್ದರಿಂದ ಇಲ್ಲಿ ಕಾಗೆಗಳು ಸುಳಿಯುವುದಿಲ್ಲವೆಂಬ ಸ್ಥಳೀಯ ನಂಬಿಕೆಯನ್ನು ಈ ಸಂದರ್ಭದಲ್ಲಿ ಗಮನಿಸಬೇಕು. ಕಾಗೆ ಸೇರುವುದು ಎಂಜಲು ಬಿದ್ದಲ್ಲಿ. ಆ ನಂಬಿಕೆಯ ಮೂಲ ಏನೇ ಇರಲಿ, ಕಾಗೆಯಿಲ್ಲದ ಬೆಟ್ಟ ಎಂಬ ಕಲ್ಪನೆಯಲ್ಲಿ ಎಂಜಲಿಲ್ಲದ ಬೆಟ್ಟದ ಆದರ್ಶವೂ ಅಡಗಿದೆಯೆಂದು ಓದಿಕೊಳ್ಳಲು ಅಡ್ಡಿಯಿಲ್ಲ.

ಡಾಂಬರು ರಸ್ತೆಯು ಶಿಖರವನ್ನು ಮುಟ್ಟಿದ ಮೇಲೆ ಈ ಕ್ರಮ ತಲೆಕೆಳಗಾಯಿತು. ಗುಂಡ್ಲುಪೇಟೆಯಿಂದ ಊಟಿಯ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಹಂಗಳದ ಬಳಿ ತಿರುಗಿದರೆ ಬೆಟ್ಟದ ಬುಡ ಹತ್ತಿರವೇ ಇರುವುದರಿಂದ, ಊಟಿಗೆ ಹೊರಟವರಿಗೂ ಇದು ನಡುದಾರಿಯ ತಂಗುದಾಣವಾಯಿತು. ದರ್ಶನವು ನೆಪವಾಗಿ, ಹುಲ್ಲುಗಾವಲಿನ ಮೇಲಿನ ಊಟವೇ ಉದ್ದೇಶವಾಯಿತು. ಆನೆಗಳು ಮೇಯುವ ಇಳಿಜಾರುಗಳಲ್ಲಿ ಪ್ಲಾಸ್ಟಿಕ್ ಬಿತ್ತು. ಈ ಹುಲ್ಲುಗಾವಲು ಎಂಥದೆಂಬುದನ್ನು ಅರಿಯದೆ ನಷ್ಟದ ಅಳತೆ ತಿಳಿಯದು. ತಪ್ಪಲಿನ ಕುರುಚಲು ಕಾಡಿಗಿಂತ ಭಿನ್ನವಾಗಿ, ಮೇಲ್ಭಾಗದಲ್ಲಿ ಗಾಳಿಗೆ ಒಡ್ಡಿಕೊಂಡ ದಿಣ್ಣೆಗಳೆಲ್ಲ ಹುಲ್ಲಿನಿಂದ ಮುಚ್ಚಿರುತ್ತವೆ, ತೇವ ನಿಲ್ಲುವ ಕೊರಕಲುಗಳಲ್ಲಿ ಮಾತ್ರ ಕುಳ್ಳ ಮರಗಳ ದಟ್ಟ ಗುಂಪುಗಳು ಬೆಳೆಯುತ್ತವೆ. ಇವನ್ನು ಶೋಲಾ ಎನ್ನುತ್ತಾರೆ. ಮಳೆಯನ್ನೂ ಮಂಜನ್ನೂ ಹಿಡಿದಿಟ್ಟು ಮೆಲ್ಲಗೆ ಕೆಳಗೆ ಬಿಡುವುದು ಈ ಹುಲ್ಲು ಮತ್ತು ಮರಗಳ ಜೋಡಿಯೇ. ಬೇಸಿಗೆಯಲ್ಲಿ ಒಣಗಿದ ಅದೇ ಹುಲ್ಲಿಗೆ ಒಂದು ಕಿಡಿ ಸಾಕು: 2019ರ ಫೆಬ್ರುವರಿಯಲ್ಲಿ ಬಂಡೀಪುರದ ಸಾವಿರಾರು ಎಕರೆಯನ್ನು ಸುಟ್ಟ ಕಾಳ್ಗಿಚ್ಚು ಗೋಪಾಲಸ್ವಾಮಿ ಬೆಟ್ಟದ ವಲಯವನ್ನೂ ಬಿಡಲಿಲ್ಲ.

ಖಾಸಗಿ ವಾಹನಗಳನ್ನು ಬುಡದಲ್ಲಿಯೇ ತಡೆದು, ಸಾರಿಗೆ ಸಂಸ್ಥೆಯ ಬಸ್ಸುಗಳಲ್ಲಿ ಮಾತ್ರ ಜನರನ್ನು ಮೇಲಕ್ಕೆ ಒಯ್ಯುವ ಈಗಿನ ವ್ಯವಸ್ಥೆಯನ್ನು ಹಲವರು ಕಿರುಕುಳವೆಂದು ಬಗೆಯುವುದುಂಟು. ವಾಸ್ತವದಲ್ಲಿ ಅದು ಹಳೆಯ ಯಾತ್ರೆಯ ಎರಡು ಗುಣಗಳನ್ನು, ಎಂದರೆ ಎಲ್ಲರೂ ಕೂಡಿ ಹೋಗುವುದನ್ನೂ ಹೊತ್ತು ಮುಳುಗುವ ಮೊದಲೇ ಇಳಿದುಬಿಡುವುದನ್ನೂ, ಅರಿಯದೆಯೇ ಮರಳಿ ತಂದಿದೆ. ಶ್ರಾವಣದ ಶನಿವಾರಗಳಲ್ಲಿ ಸಾಲು ನಿಲ್ಲುವ ಸುತ್ತಲ ಹಳ್ಳಿಗರಿಗೆ ಈ ಶಿಸ್ತು ಹೊಸದಲ್ಲ. ಕೊನೆಯ ಬಸ್ಸು ಇಳಿದ ಮೇಲೆ ಬೆಟ್ಟವು ಆನೆಗಳದ್ದು. ಅವು ಗುಡಿಯ ಅಂಗಳದವರೆಗೂ ಬರುತ್ತವೆ.